ಮಾವನ ಮಹಡಿಯ ಮೇಲೆ ರೈಲು

ನಮ್ಮ ವಿಶ್ವವಿದ್ಯಾಲಯದ ಯಾವುದಾದರೂ ಕೊಠಡಿಯಲ್ಲಿ ನಾಲ್ಕು ಜನ ಸಂತೋಷವಾಗಿದ್ದಾರೆ ಎಂಬ ಸುದ್ದಿ ಆಡಳಿತ ವಿಭಾಗಕ್ಕೆ ತಲುಪಿದರೆ ಸಾಕು, ಆ ಕೊಠಡಿ ಬೇರೆ ಉದ್ದೇಶಕ್ಕೆ ತುರ್ತಾಗಿ ಬೇಕಾಗುತ್ತದೆ. ಮಾದರಿ ರೈಲು ಸಂಘದ ಕೊಠಡಿಗೂ ಹಾಗೇ ಆಯಿತು. ವಿಶ್ವವಿದ್ಯಾಲಯ ಯಾವುದೆಂದು ಹೇಳುವುದಿಲ್ಲ, ಮೈಸೂರಿನಲ್ಲಿದೆ ಎಂದಷ್ಟೇ ಹೇಳುತ್ತೇನೆ. ಹೆಸರು ಹೇಳಿದರೆ ನನ್ನ ಬಡ್ತಿ ನಿಲ್ಲುತ್ತದೆ. ಹೇಳದಿದ್ದರೂ ಅದೇನು ಓಡೋಡಿ ಬರುತ್ತಿಲ್ಲ.

ಸಂಘವೆಂದರೆ ದೊಡ್ಡದೇನಲ್ಲ. ಹಳೇ ಕಟ್ಟಡದ ನೆಲಮಹಡಿಯಲ್ಲಿ ಒಂದು ಕೊಠಡಿ, ಕೊಠಡಿಯ ತುಂಬ ಪ್ಲೈವುಡ್ ಮೇಜು, ಮೇಜಿನ ಮೇಲೆ ಇಡೀ ಮೈಸೂರು. ಹಳೇ ಪೇಪರ್ ನೆನೆಸಿ ಮಾಡಿದ ಚಾಮುಂಡಿ ಬೆಟ್ಟ, ಬೆಟ್ಟದ ಹೊಟ್ಟೆಯಲ್ಲಿ ಟ್ರಾನ್ಸ್‌ಫಾರ್ಮರ್, ಥರ್ಮಾಕೋಲಿನ ಅರಮನೆ, ಹಸಿರು ಬಣ್ಣ ಕಲಸಿದ ಮರದ ಹೊಟ್ಟಿನ ಹುಲ್ಲು. ಇವುಗಳ ನಡುವೆ ಗೇಣುದ್ದದ ಎಂಜಿನ್ನೊಂದು ನಾಲ್ಕು ಬೋಗಿ ಕಟ್ಟಿಕೊಂಡು ಊರು ಸುತ್ತುತ್ತದೆ. ಮೈಸೂರಿನಲ್ಲಿ ಹೀಗೆ ಊರು ಸುತ್ತುವ ರೈಲು ಇಲ್ಲವೆಂಬುದು ವಿದ್ಯಾರ್ಥಿಗಳಿಗೆ ಗೊತ್ತಿತ್ತು. ಇಲ್ಲದ್ದಕ್ಕೇ ತಾನೆ ಮಾದರಿ ಬೇಕಾಗುವುದು!

ಸಂಘಕ್ಕೊಬ್ಬ ಅಧ್ಯಾಪಕ ಸಲಹೆಗಾರ ಇರಬೇಕೆಂಬುದು ನಿಯಮ. ಭೌತಶಾಸ್ತ್ರದವರು ಒಲ್ಲೆ ಎಂದರು, ಎಂಜಿನಿಯರಿಂಗಿನವರು ಬಿಡುವಿಲ್ಲ ಎಂದರು. ಸಭೆಯ ನಡುವೆ ಕಾಫಿ ಕುಡಿಯಲು ಎದ್ದು ಹೋಗಿದ್ದ ವಾಣಿಜ್ಯ ವಿಭಾಗದ ವಿಜಯ್‌ಕುಮಾರ್ ಸರ್ವಾನುಮತದಿಂದ ಆಯ್ಕೆಯಾದರು. ಬಾಯಿ ಒರೆಸಿಕೊಂಡು ಬಂದ ಮನುಷ್ಯನಿಗೆ ಎಲ್ಲರೂ ಕೈ ಕುಲುಕಿ ಅಭಿನಂದಿಸಿದಾಗ ಏತಕ್ಕೆಂದು ಕೇಳುವ ಧೈರ್ಯವೂ ಬರಲಿಲ್ಲ.

ಆದರೆ ಒಂದೇ ತಿಂಗಳಲ್ಲಿ ವಿಜಯ್‌ಕುಮಾರ್‌ಗೆ ರೈಲಿನ ಹುಚ್ಚು ಹಿಡಿಯಿತು. ಅವರ ಪರಿಸ್ಥಿತಿ ನೋಡಿ. ಮನೆಯಲ್ಲಿ ಟಿ.ವಿ. ರಿಮೋಟು ಕೈಗೆ ಸಿಗುವುದಿಲ್ಲ. ತರಗತಿಯಲ್ಲಿ ‘ಸೈಲೆನ್ಸ್’ ಎಂದು ಕೂಗಿದರೆ ಹಿಂದಿನ ಬೆಂಚಿನವರು ಯಾರಿಗೆ ಹೇಳುತ್ತಿದ್ದಾರೆಂದು ಸುತ್ತಮುತ್ತ ನೋಡುತ್ತಾರೆ. ಈ ಕೊಠಡಿಯಲ್ಲಿ ಮಾತ್ರ ಅವರು ಹಸಿರು ಬಾವುಟ ಎತ್ತಿದರೆ ರೈಲು ಹೊರಡುತ್ತಿತ್ತು, ಕೆಂಪು ಎತ್ತಿದರೆ ನಿಲ್ಲುತ್ತಿತ್ತು. ಬಾವುಟ ನೋಡಿ ಗುಂಡಿ ತಿರುಗಿಸುತ್ತಿದ್ದವನು ಲಿಖಿತ್ ಎಂಬ ವಿದ್ಯಾರ್ಥಿ, ಅದು ಬೇರೆ ಮಾತು. ಐವತ್ತರ ಹತ್ತಿರ ಬಂದ ಗಂಡಸಿಗೆ ತನ್ನ ಮಾತು ಕೇಳುವ ಪದಾರ್ಥವೊಂದು ಜಗತ್ತಿನಲ್ಲಿದೆ ಎಂದು ಗೊತ್ತಾದರೆ ಅವನು ಅದನ್ನು ಸುಲಭಕ್ಕೆ ಬಿಟ್ಟುಕೊಡುವುದಿಲ್ಲ.

ಇಲ್ಲಿ ಆ ರೈಲು ಮಾರ್ಗದ ಬಗ್ಗೆ ಎರಡು ಮಾತು ಹೇಳಬೇಕು. ಮುಂದೆ ಊರಿಗೇ ಬೆಂಕಿ ಬಿದ್ದದ್ದು ಅದರಿಂದಲೇ. ಮೇಟಗಳ್ಳಿ ಕಡೆಗೆ ನೆಟ್ಟಗೆ ಹೋಗಬೇಕಾದ ಹಳಿ ಇದ್ದಕ್ಕಿದ್ದಂತೆ ಡೊಂಕಾಗಿ ಸರಸ್ವತಿಪುರಂ ಬಡಾವಣೆಯ ಮೇಲೆ ಹಾಯುತ್ತದೆ. ಕಾರಣ, ಕೊಠಡಿಯ ಬಾಗಿಲು ಒಳಕ್ಕೆ ತೆರೆದುಕೊಳ್ಳುತ್ತದೆ. ಅದಕ್ಕೆ ಜಾಗ ಬಿಡಲು ಆ ಮೂಲೆಯಲ್ಲಿ ಮೇಜನ್ನು ಕತ್ತರಿಸಿದ್ದಾರೆ. ನಜರ್‌ಬಾದ್ ಇರಬೇಕಾದ ಜಾಗದಲ್ಲಿ ಏನೂ ಇಲ್ಲ, ಏಕೆಂದರೆ ಅಲ್ಲಿ ಪರೀಕ್ಷಾ ವಿಭಾಗದ ಕಬ್ಬಿಣದ ಬೀರುವೊಂದು ನಿಂತಿದೆ. ಅದರ ಬೀಗದ ಕೈ ಕಳೆದುಹೋಗಿ ಎಷ್ಟೋ ಕಾಲವಾಗಿದ್ದರಿಂದ ಅದನ್ನು ಅಲ್ಲಾಡಿಸಲು ಯಾರಿಗೂ ಅಧಿಕಾರವಿಲ್ಲ.

ಇಷ್ಟು ಸಾಲದೆಂಬಂತೆ ವಿಜಯ್‌ಕುಮಾರ್ ತಮ್ಮ ಹೆಂಡತಿ ಭವ್ಯಶ್ರೀಯನ್ನು ಖುಷಿಪಡಿಸಲು ಹೋದರು. ಆಕೆಯ ತಂದೆ ನಿಂಗಯ್ಯನವರು ಮೇಟಗಳ್ಳಿಯ ಕಾರ್ಖಾನೆಯೊಂದರಲ್ಲಿ ದುಡಿದು ನಿವೃತ್ತರಾಗಿ, ಸರಸ್ವತಿಪುರಂನ ತಮ್ಮ ಮನೆಯ ಮೇಲೆ ಹೋದ ವರ್ಷವಷ್ಟೇ ಮಹಡಿ ಎತ್ತಿ ಟ್ಯುಟೋರಿಯಲ್‌ನವರಿಗೆ ಬಾಡಿಗೆಗೆ ಕೊಟ್ಟಿದ್ದರು. ಅಳಿಯ ಆ ಮನೆಯನ್ನು ಗುಲಾಬಿ ಬಣ್ಣದ ಸಮೇತ, ನೀಲಿ ನೀರಿನ ಟ್ಯಾಂಕಿನ ಸಮೇತ ರಟ್ಟಿನಲ್ಲಿ ಮಾಡಿ ಮೇಜಿನ ಮೇಲಿಟ್ಟರು. ವಾರದೊಳಗೆ ಆ ಡೊಂಕಿನಲ್ಲಿ ಹಳಿ ಜಗ್ಗತೊಡಗಿತು. ಲಿಖಿತ್ ಹಿಂದೆಮುಂದೆ ನೋಡದೆ ನಿಂಗಯ್ಯನವರ ಮನೆಯನ್ನು ಎತ್ತಿ ಹಳಿಯ ಕೆಳಗೆ ಆಧಾರಕ್ಕೆ ತಳ್ಳಿದ. ಎತ್ತರ ಸರಿಯಾಗಿ ಕೂತಿತು. ಅಂದಿನಿಂದ ರೈಲು ಮಾವನ ಮಹಡಿಯ ಮೇಲೆ ಅಲುಗಾಡದೆ ಓಡಿತು.

ಹೀಗಿರುವಾಗ ರಿಜಿಸ್ಟ್ರಾರ್ ಬಿಂದುಮಾಧವ ಅವರು ಒಂದು ಮಧ್ಯಾಹ್ನ ಕೊಠಡಿಗೆ ದಯಮಾಡಿಸಿದರು.

“ಏನ್ರೀ ಇದು?”

“ರೈಲು ಸಾರ್,” ಎಂದರು ವಿಜಯ್‌ಕುಮಾರ್.

“ಅದು ಕಾಣುತ್ತೆ. ಇದರಿಂದ ಸಮಾಜಕ್ಕೇನು ಉಪಯೋಗ ಅಂತ ಕೇಳಿದ್ದು. ಹಳೇ ಉತ್ತರಪತ್ರಿಕೆಗಳು ವರಾಂಡದಲ್ಲಿ ಇಲಿ ಪಾಲಾಗ್ತಿವೆ. ಅವಕ್ಕೂ ಒಂದು ಮರ್ಯಾದೆ ಬೇಡ್ವೇನ್ರೀ? ಸೋಮವಾರ ಕುಲಪತಿಗಳನ್ನ ಕರ್ಕೊಂಡು ಬರ್ತೀನಿ. ಸಾಮಾಜಿಕ ಉಪಯೋಗ ಇದೆ ಅಂತ ತೋರಿಸಿ, ರೂಮು ಇಟ್ಕೊಳ್ಳಿ. ಇಲ್ದಿದ್ರೆ ಬೀಗದ ಕೈ ಕೊಟ್ಬಿಡಿ.”

ವಿಜಯ್‌ಕುಮಾರ್‌ಗೆ ಆ ದಿನ ಊಟ ಸೇರಲಿಲ್ಲ. ಕೊಠಡಿ ಹೋದರೆ ರೈಲು ಹೋಯಿತು, ರೈಲು ಹೋದರೆ ಮತ್ತೆ ಆ ‘ಸೈಲೆನ್ಸ್’. ಯೋಚಿಸಿ ಯೋಚಿಸಿ, ಗಾಬರಿಯಾದ ಮನುಷ್ಯ ಮಾಡುವುದನ್ನೇ ಅವರೂ ಮಾಡಿದರು. ಒಂದು ಬೋರ್ಡು ಬರೆಸಿದರು. ‘ಮೈಸೂರು ನಗರ ವರ್ತುಲ ರೈಲು ಯೋಜನೆ. ಸಾರ್ವಜನಿಕರಿಂದ ಸಲಹೆ ಹಾಗೂ ಆಕ್ಷೇಪಣೆಗಳನ್ನು ಸ್ವೀಕರಿಸಲಾಗುವುದು.’

ಸಂಘದ ಕಾರ್ಯದರ್ಶಿ ತೇಜಸ್ವಿನಿ ಬುದ್ಧಿವಂತ ಹುಡುಗಿ. “ಸಾರ್, ನಾವು ಆಟಕ್ಕೆ ಮಾಡಿರೋದು. ಯೋಜನೆ ಅಂತ ಹಾಕೋದು ತಪ್ಪಲ್ವಾ?” ಎಂದಳು.

“ಸುಮ್ನಿರಮ್ಮ. ಆಟಕ್ಕೂ ಯೋಜನೆಗೂ ಇರೋ ವ್ಯತ್ಯಾಸ ಕಂಡುಹಿಡಿಯೋಷ್ಟು ಪುರುಸೊತ್ತು ಕುಲಪತಿಗಳಿಗೆ ಇರಲ್ಲ.”

ಬರೀ ಸಲಹೆ ಎಂದು ಬರೆಸಿದ್ದರೆ ಒಂದು ನೊಣವೂ ಆ ಕಡೆ ಸುಳಿಯುತ್ತಿರಲಿಲ್ಲ. ಆಕ್ಷೇಪಣೆ ಎಂಬ ಮಾತು ಕಿವಿಗೆ ಬಿದ್ದರೆ ನಮ್ಮೂರಿನವರು ಎಲೆ ಮುಂದಿನಿಂದ ಎದ್ದು ಬರುತ್ತಾರೆ. ಲಿಖಿತ್ ಬೋರ್ಡೂ ರೈಲೂ ಒಟ್ಟಿಗೆ ಕಾಣುವ ಹಾಗೆ ವಿಡಿಯೊ ಮಾಡಿ ಸಂಘದ ವಾಟ್ಸ್ಆ್ಯಪ್ ಗುಂಪಿಗೆ ಹಾಕಿದ. ಅದು ಅಲ್ಲಿಂದ ಹೊರಟು, ಹಾಲಿನ ಬೂತಿನ ಗುಂಪು, ಯೋಗ ತರಗತಿಯ ಗುಂಪು ಎಲ್ಲ ದಾಟಿ ಮರುದಿನ ಬೆಳಗಿನ ಕಾಫಿಯ ಹೊತ್ತಿಗೆ ಸರಸ್ವತಿಪುರಂ ನಿವಾಸಿಗಳ ಗುಂಪಿಗೆ ಬಂದು ಸೇರಿತು. ಆ ಗುಂಪಿನ ಮುಖಂಡರು ಬೇರೆ ಯಾರೂ ಅಲ್ಲ, ನಿಂಗಯ್ಯನವರೇ. ಅವರು ಕನ್ನಡಕ ಏರಿಸಿಕೊಂಡು ನೋಡುತ್ತಾರೆ: ಗುಲಾಬಿ ಮನೆ, ನೀಲಿ ಟ್ಯಾಂಕು, ಟ್ಯಾಂಕಿನ ಪಕ್ಕದಲ್ಲೇ ಕೂ ಎನ್ನುತ್ತ ಹೋಗುವ ರೈಲು!

ಹತ್ತು ಗಂಟೆಗೆಲ್ಲ ಅವರು ಅರ್ಧ ಬೀದಿಯನ್ನು ಕಟ್ಟಿಕೊಂಡು ಕೊಠಡಿಯ ಬಾಗಿಲಲ್ಲಿದ್ದರು. ಪಕ್ಕದಲ್ಲಿ ಎದುರುಮನೆಯ ಇಂದ್ರಮ್ಮ.

“ಅಳಿಯಂದ್ರೇ, ನಾನು ನಿಮ್ಗೇನ್ ಅನ್ಯಾಯ ಮಾಡಿದ್ದೆ? ಮದ್ವೇಲಿ ಕೇಳಿದ್ದೆಲ್ಲ ಕೊಡ್ಲಿಲ್ವಾ? ಇಡೀ ಮೈಸೂರಲ್ಲಿ ರೈಲು ಬುಡೋಕೆ ನನ್ನ ಮಹಡೀನೇ ಕಂಡ್ತಾ?”

“ಅಯ್ಯೋ ಮಾವ, ಹಾಗಲ್ಲ. ಹಳಿ ಜಗ್ತಾ ಇತ್ತು. ಅದಕ್ಕೆ ನಿಮ್ಮನೇನ ಆಧಾರಕ್ಕೆ ಕೊಟ್ಟಿದ್ದೀವಿ ಅಷ್ಟೆ.”

“ಆಧಾರಕ್ಕಾ!” ನಿಂಗಯ್ಯ ಪಕ್ಕಕ್ಕೆ ತಿರುಗಿದರು. “ಕೇಳ್ಕೊಂಡ್ರಾ ಇಂದ್ರಮ್ಮ? ನನ್ ಮನೆ ಇನ್ಮೇಲೆ ಕಂಬ ಅಂತೆ!”

“ನಿಮ್ದು ಕಂಬಕ್ಕಾದ್ರೂ ಬಂತು ಬುಡಿ,” ಎಂದರು ಇಂದ್ರಮ್ಮ. “ನಮ್ಮನೆ ಮೇಜಿನ ಮೇಲೇ ಇಲ್ಲ. ಆಗ್ಲೇ ಕೆಡವಿಬುಟ್ಟವ್ರೆ ಕಣಣ್ಣ!” ಹಾಗೆಂದು ಸೆರಗು ಕಣ್ಣಿಗೊತ್ತಿಕೊಂಡರು.

ಅವರ ಹಿಂದಿದ್ದ ಹತ್ತಾರು ಮಂದಿ ತಮ್ಮ ಮನೆ ಹುಡುಕಲು ಮೇಜಿಗೆ ಮುತ್ತಿಗೆ ಹಾಕಿದರು. ಯಾರ ಮನೆಯೂ ಸಿಗಲಿಲ್ಲ. ಅಲ್ಲಿದ್ದದ್ದು ನಿಂಗಯ್ಯನವರದ್ದೊಂದೇ, ಉಳಿದ ಜಾಗದಲ್ಲಿ ಮರದ ಹೊಟ್ಟು. ಸರಸ್ವತಿಪುರಂ ಅನ್ನು ಹುಲ್ಲುಗಾವಲು ಮಾಡುವ ಸಂಚು ಎಲ್ಲರಿಗೂ ಸ್ಪಷ್ಟವಾಯಿತು.

“ಹಂಗಾದ್ರೆ ಲೈನು ನೆಟ್ಟಗೆ ಬುಡಿ,” ಎಂದರು ನಿಂಗಯ್ಯ. “ಇಲ್ಲಿ ತಂದು ಯಾಕೆ ಡೊಂಕು ಮಾಡಿದ್ರಿ?”

“ನೆಟ್ಟಗೆ ಹೋದ್ರೆ ಬಾಗಿಲು ಅಡ್ಡ ಬರುತ್ತೆ ಮಾವ. ಈ ರೂಮಿನ ಬಾಗಿಲು ಒಳಕ್ಕೆ ತೆರ್ಕೊಳ್ಳುತ್ತೆ ನೋಡಿ.”

ಇದು ಅಪ್ಪಟ ಸತ್ಯ. ಆದ್ದರಿಂದ ಒಬ್ಬರೂ ನಂಬಲಿಲ್ಲ. ಯಾವ ಮಂತ್ರಿಯ ಜಮೀನು ಉಳಿಸಲು ಡೊಂಕು ಮಾಡಿದ್ದಾರೆಂಬ ಬಗ್ಗೆ ಅಲ್ಲೇ ಮೂರು ಅಭಿಪ್ರಾಯಗಳು ಹುಟ್ಟಿದವು. ಮಧ್ಯಾಹ್ನದೊಳಗೆ ಮೂರಕ್ಕೂ ಸಾಕ್ಷಿಗಳು ಸಿಕ್ಕರು.

ಮರುದಿನ ನಜರ್‌ಬಾದಿನವರು ಬಂದರು. ಮುಂದಾಳು ವಿಜಯ್‌ಕುಮಾರರ ಸ್ವಂತ ದೊಡ್ಡಮ್ಮ ಕೆಂಚಮ್ಮ. ನಜರ್‌ಬಾದಿನಲ್ಲಿ ಆಕೆಯ ಮಾತಿಗೆ ಪೊಲೀಸಿನವರೂ ಎದುರಾಡುವುದಿಲ್ಲ. ಇವರ ದೂರು ಬೇರೆ.

“ಲೋ ವಿಜಿ, ಸಣ್ಣದ್ರಲ್ಲಿ ನಿನ್ನ ಎತ್ತಿ ಆಡಿಸಿದ್ದು ಇದಕ್ಕೇನ್ಲಾ? ಹೆಂಡ್ತಿ ಕಡೆಯೋರ ಮನೆ ಮಹಡೀವರ್ಗೂ ರೈಲು ತಕ್ಕೊಂಡೋಗಿದ್ದೀಯಲ್ಲ, ಹೆತ್ತೋರ ಕಡೆಗೆ ಒಂದು ಸ್ಟೇಷನ್ನೂ ಬ್ಯಾಡ್ವಾ?”

“ದೊಡ್ಡಮ್ಮ, ನಜರ್‌ಬಾದ್ ಜಾಗದಲ್ಲಿ ಬೀರು ಇದೆ. ಅದಕ್ಕೇ ಆಗ್ಲಿಲ್ಲ.”

“ಬೀರು ಯಾರ್ ಮನೇಲಿಲ್ಲ ಹೇಳು? ಸರಸ್ವತಿಪುರಂನೋರು ಬಟ್ಟೆನೆಲ್ಲ ಗೂಟಕ್ಕೆ ತಗಲಾಕ್ತಾರಾ?”

ಗುಂಪು ಹೋ ಎಂದಿತು. ವಿಜಯ್‌ಕುಮಾರ್ ಬೀರುವನ್ನು ಕೈಯಿಂದ ತಟ್ಟಿ ತೋರಿಸಿದರು. ಒಳಗಿನಿಂದ ಢಣ್ ಎಂದಿತು. ನಜರ್‌ಬಾದಿನ ಹೆಸರು ಹೇಳಿ ಬಂದ ಹಣವನ್ನು ಅದರಲ್ಲೇ ಬಚ್ಚಿಟ್ಟಿದ್ದಾರೆಂದು ಹಿಂದಿನ ಸಾಲಿನಿಂದ ಯಾರೋ ಕೂಗಿದರು.

ಮನೆಗೆ ಹೋದರೆ ಅಲ್ಲಿ ಭವ್ಯಶ್ರೀ. “ನಮ್ಮಪ್ಪನ ಮನೆ ಮೇಲೆ ಹಳಿ ಹಾಕ್ತೀರಿ, ನಿಮ್ಮ ದೊಡ್ಡಮ್ಮಂಗೆ ಸ್ಟೇಷನ್ ಕಟ್ಟಿಸ್ತೀರಿ. ಊಟಾನೂ ಅಲ್ಲೇ ಮಾಡ್ಕೊಳ್ಳಿ,” ಎಂದು ಆಕೆ ಅಡುಗೆಮನೆಯ ದೀಪ ಆರಿಸಿದಳು. ವಿಜಯ್‌ಕುಮಾರ್ ಹೊಟ್ಟೆ ಹಿಡಿದುಕೊಂಡು ನಜರ್‌ಬಾದಿಗೆ ಹೋದರು. ಕೆಂಚಮ್ಮ ಬಿಸಿ ಮುದ್ದೆ, ಸೊಪ್ಪಿನ ಸಾರು ಬಡಿಸಿ, ತಟ್ಟೆಯನ್ನು ಮಾತ್ರ ತಮ್ಮ ಕಡೆಗೇ ಹಿಡಿದುಕೊಂಡರು.

“ಸ್ಟೇಷನ್ ಮಾಡ್ಸ್ತೀಯೋ, ಇಲ್ಲ ಮುದ್ದೆ ತಣ್ಣಗಾಗ್ಲೋ?”

“ಮಾಡ್ಸ್ತೀನಿ ದೊಡ್ಡಮ್ಮ,” ಎಂದರು ವಿಜಯ್‌ಕುಮಾರ್. ಹಸಿದವನು ಏನು ಬೇಕಾದರೂ ಮಂಜೂರು ಮಾಡುತ್ತಾನೆ. ತಟ್ಟೆ ಈ ಕಡೆಗೆ ಬಂತು. ಯೋಜನಾಧಿಕಾರಿಗಳೇ ಖುದ್ದಾಗಿ ಮನೆಗೆ ಬಂದು ನಜರ್‌ಬಾದಿಗೆ ನಿಲ್ದಾಣ ಕೊಟ್ಟರೆಂಬ ಸುದ್ದಿ ಅವರು ಕೈ ತೊಳೆಯುವುದರೊಳಗೆ ಬೀದಿ ದಾಟಿತ್ತು.

ಸೋಮವಾರ ಬಂತು. ಕುಲಪತಿಗಳು ಕಾರಿನಿಂದ ಇಳಿದಾಗ ಕಟ್ಟಡದ ಎಡಕ್ಕೆ ಸರಸ್ವತಿಪುರಂ, ಬಲಕ್ಕೆ ನಜರ್‌ಬಾದ್. ಒಂದು ಕಡೆ ‘ರೈಲು ಬೇಡವೇ ಬೇಡ’, ಇನ್ನೊಂದು ಕಡೆ ‘ರೈಲು ಬೇಕೇ ಬೇಕು’. ಇಷ್ಟು ಜನ ತಮ್ಮ ಘಟಿಕೋತ್ಸವಕ್ಕೂ ಬಂದಿರಲಿಲ್ಲವಾದ್ದರಿಂದ ಕುಲಪತಿಗಳು ಒಂದು ಕ್ಷಣ ಪುಳಕಿತರಾದರು. “ಸಾಮಾಜಿಕ ಉಪಯೋಗ ಚೆನ್ನಾಗೇ ಇದೆಯಲ್ರೀ!” ಎಂದು ರಿಜಿಸ್ಟ್ರಾರ್ ಬೆನ್ನು ತಟ್ಟಿ, ಘೋಷಣೆಗಳಲ್ಲಿ ತಮ್ಮ ಹೆಸರೂ ಇರುವುದು ಕೇಳಿಸಿದ ಕೂಡಲೇ ಮತ್ತೆ ಕಾರು ಹತ್ತಿದರು.

ಉಳಿದವರು ಬಿಂದುಮಾಧವ. ಅವರು ಮೆಟ್ಟಿಲ ಮೇಲೆ ನಿಂತು, “ಯೋಜನೆ ರದ್ದಾಗಿದೆ!” ಎಂದು ಕೂಗಿದರು. ಎಡಗಡೆ ಚಪ್ಪಾಳೆ, ಬಲಗಡೆ ಕಲ್ಲು ಹುಡುಕುವ ಸದ್ದು. “ಅಂದರೆ, ಯೋಜನೆ ಪರಿಶೀಲನೆಯಲ್ಲಿದೆ!” ಎಂದರು. ಬಲಗಡೆ ಚಪ್ಪಾಳೆ, ಎಡಗಡೆ ಚಪ್ಪಲಿ. “ಇಂಥ ಯೋಜನೆಯೇ ಇಲ್ರೀ!” ಎಂದು ಕೊನೆಗೆ ನಿಜ ಹೇಳಿದರು. ಆಗ ಎರಡೂ ಕಡೆಯವರು ಮೊದಲ ಸಲ ಒಂದಾಗಿ ಅವರ ಮೇಲೇ ನುಗ್ಗಿದರು. ಇಲ್ಲದ ಯೋಜನೆಗೆ ಎರಡು ದಿನದಿಂದ ಬಿಸಿಲಲ್ಲಿ ನಿಲ್ಲಿಸಿದ ಅವಮಾನವನ್ನು ಯಾರು ತಾನೇ ಸಹಿಸುತ್ತಾರೆ?

ನಿಂಗಯ್ಯ ನೇರವಾಗಿ ವಕೀಲ ಗುರುಕಿರಣ್ ಬಳಿಗೆ ಹೋದರು. ದಾವೆ ಬಿತ್ತು. ಕೆಂಚಮ್ಮನವರ ಕಡೆಯವರೂ ತಾವೊಬ್ಬ ವಕೀಲರನ್ನು ಹಿಡಿದು ಅದೇ ದಾವೆಯೊಳಗೆ ಸೇರಿಕೊಂಡರು. ಯೋಜನೆಯೇ ಇಲ್ಲವೆಂದು ವಿಶ್ವವಿದ್ಯಾಲಯದ ವಕೀಲರು ವಾದಿಸಿದಾಗ ಗುರುಕಿರಣ್ ಬೋರ್ಡಿನ ಫೋಟೊ ತೆಗೆದು ತೋರಿಸಿದರು. ಕೆಂಚಮ್ಮನವರ ವಕೀಲರು ಎದ್ದು, ಅಧಿಕಾರಿಗಳು ಮುದ್ದೆ ಉಣ್ಣುತ್ತಾ ಕೊಟ್ಟ ಭರವಸೆಯನ್ನು ಮಂಡಿಸಿದರು. ನ್ಯಾಯಾಧೀಶರು ಹಣೆ ಒತ್ತಿಕೊಂಡರು. ಮುಂದಿನ ವಿಚಾರಣೆಯವರೆಗೆ ಆ ಕೊಠಡಿಯಲ್ಲಿ ಯಾರೂ ಏನನ್ನೂ ಬದಲಿಸಕೂಡದು, ಬೀಗ ಹಾಕಿ ಮೊಹರು ಮಾಡಿ, ಯಥಾಸ್ಥಿತಿ ಕಾಪಾಡಬೇಕು ಎಂದು ಆದೇಶಿಸಿ ಎದ್ದುಹೋದರು.

ಇತ್ತ ಕೊಠಡಿಯಲ್ಲಿ ಅದೇ ಹೊತ್ತಿಗೆ ಬೇರೆ ನಾಟಕ ನಡೆದಿತ್ತು. ರಿಜಿಸ್ಟ್ರಾರ್ ಉತ್ತರಪತ್ರಿಕೆಯ ಕಟ್ಟುಗಳನ್ನು ತಳ್ಳುಗಾಡಿಯಲ್ಲಿ ಹೇರಿಸಿಕೊಂಡು ಬಾಗಿಲಿಗೇ ಬಂದಿದ್ದರು. “ಸಾಕು ನಿಮ್ಮ ಸಾಮಾಜಿಕ ಉಪಯೋಗ. ಕೀ ಕೊಡಿ,” ಎಂದರು.

ವಿಜಯ್‌ಕುಮಾರ್ ಕೈಮುಗಿದರು. “ಸಾರ್, ಕೊನೇದಾಗಿ ಒಂದು ಸುತ್ತು. ಆಮೇಲೆ ನಾನೇ ಕೀ ಕೊಡ್ತೀನಿ.”

ಅವರ ಮುಖ ನೋಡಿ ರಿಜಿಸ್ಟ್ರಾರ್‌ಗೂ ಇಲ್ಲ ಎನ್ನಲಾಗಲಿಲ್ಲ. ತೇಜಸ್ವಿನಿ ಆ ಕಡೆ ತಿರುಗಿ ಮೂಗು ಒರೆಸಿಕೊಂಡಳು. ಬಾಗಿಲಲ್ಲಿ ನಿಂತಿದ್ದ ನಾನೂ ಕನ್ನಡಕ ತೆಗೆದು ಒರೆಸಿಕೊಂಡೆ. ಅಣಕಿಸುವುದೇ ಕಸುಬಾದವನಿಗೆ ಇಂಥ ಹೊತ್ತಿನಲ್ಲಿ ಬಹಳ ಕಷ್ಟ. ಹಸಿರು ಬಾವುಟ ಎದ್ದಿತು. ರೈಲು ಹೊರಟಿತು. ಬೆಟ್ಟದ ಬುಡ ಬಳಸಿ, ಅರಮನೆ ದಾಟಿ, ಇನ್ನೇನು ಮಾವನ ಮಹಡಿ ಏರಬೇಕು, ಅಷ್ಟರಲ್ಲಿ ಕೋರ್ಟಿನ ಅಮೀನ ಸಣ್ಣಯ್ಯ ಒಳಗೆ ಬಂದರು. ಕಂಕುಳಲ್ಲಿ ಆದೇಶ, ಕೈಯಲ್ಲಿ ಅರಗಿನ ಕಡ್ಡಿ.

“ಎಲ್ರೂ ಆಚೆಗೆ ನಡೀರಿ. ಕೋರ್ಟ್ ಆರ್ಡರು.”

“ಒಂದ್ನಿಮಿಷ ಸಾರ್, ಸ್ವಿಚ್ ಆರಿಸ್ಬಿಟ್ಟು ಬರ್ತೀನಿ,” ಎಂದ ಲಿಖಿತ್.

“ಮುಟ್‌ಬ್ಯಾಡ!” ಸಣ್ಣಯ್ಯ ಗದರಿದರು. “ನಾನು ಬಂದಾಗ ಅದು ಓಡ್ತಿತ್ತು. ನಾನು ಹೋದ್ಮೇಲೂ ಓಡ್ತಿರ್ಬೇಕು. ಯಥಾಸ್ಥಿತಿ ಅಂದ್ರೆ ಅದೇ ಕಣಪ್ಪ.”

“ಅದು ವಿಶ್ವವಿದ್ಯಾಲಯದ ಕರೆಂಟು ಕಣ್ರೀ!” ಎಂದು ರಿಜಿಸ್ಟ್ರಾರ್ ಅರಚಿದರು.

“ಕರೆಂಟೂ ಯಥಾಸ್ಥಿತೀನೇ ಸ್ವಾಮಿ. ನಿಲ್ಸಿದ್ರೆ ನಾನು ಮಹಜರಲ್ಲಿ ಬರ್ಕೊಬೇಕಾಗ್ತದೆ, ಯಾರು ನಿಲ್ಸಿದ್ರು ಅಂತ. ನಿಮ್ ಹೆಸರು ಹೇಳಿ?”

ರಿಜಿಸ್ಟ್ರಾರ್ ತಮ್ಮ ಹೆಸರು ಹೇಳಲಿಲ್ಲ. ಬಾಗಿಲಿಗೆ ಬೀಗ ಬಿತ್ತು, ಬೀಗಕ್ಕೆ ಬಟ್ಟೆ ಸುತ್ತಿ ಅರಗು ಒತ್ತಿದ್ದಾಯಿತು. ಒಳಗೆ ರೈಲು ಓಡುತ್ತಲೇ ಇತ್ತು.

ಆ ಸಂಜೆ ವಿಶ್ವವಿದ್ಯಾಲಯದ ವಕೀಲರು ಕಾನೂನು ಸಲಹೆ ಕೊಟ್ಟರು. ರೈಲು ಓಡುತ್ತಿರುವುದೇ ಯಥಾಸ್ಥಿತಿ. ನಿಂತರೆ ನ್ಯಾಯಾಂಗ ನಿಂದನೆ. ನಿಂದನೆಗೆ ಹೊಣೆ ಕೊಠಡಿ ಯಾರ ಸುಪರ್ದಿನಲ್ಲಿದೆಯೋ ಅವರು, ಅಂದರೆ ರಿಜಿಸ್ಟ್ರಾರ್. ಬಿಂದುಮಾಧವ ಅವರಿಗೆ ಅಂದಿನಿಂದ ರೈಲಿನ ಮೇಲೆ ಹುಟ್ಟಿದ ಮಮತೆಯನ್ನು ಹೆತ್ತ ಮಕ್ಕಳ ಮೇಲೂ ನಾನು ಕಂಡಿಲ್ಲ. ಉತ್ತರಪತ್ರಿಕೆಗಳು ಮತ್ತೆ ವರಾಂಡಕ್ಕೆ ಹೋದವು. ರಿಜಿಸ್ಟ್ರಾರ್ ದಿನಾ ಬೆಳಗ್ಗೆ ಬಂದವರೇ, ಕಚೇರಿಗೆ ಹೋಗುವ ಮೊದಲು ಕೊಠಡಿಯ ಕಿಟಕಿಗೆ ಹಣೆ ಒತ್ತಿ, “ಓಡ್ತಾ ಇದೆಯೇನ್ರೀ?” ಎಂದು ಕೇಳುತ್ತಿದ್ದರು. ಕಿಟಕಿಯ ಹೊರಗೆ ವಿಜಯ್‌ಕುಮಾರ್‌ಗೆ ಕಾಯುವ ಕೆಲಸ ಹಾಕಿದರು. ಅದಕ್ಕಾಗಿ ಪಾಠ ಮಾಡುವುದರಿಂದ ವಿನಾಯಿತಿ ಸಿಕ್ಕಿತು. ವಿದ್ಯಾರ್ಥಿಗಳು ಆದೇಶವನ್ನು ಸ್ವಾಗತಿಸಿದರು.

ಎರಡೂ ಬಣದವರು ಕಿಟಕಿ ಬಿಟ್ಟು ಕದಲಲಿಲ್ಲ. ರೈಲು ನಿಂತರೆ ಸರಸ್ವತಿಪುರಂನವರೇ ಮಾಟ ಮಾಡಿಸಿ ನಿಲ್ಲಿಸಿದರೆಂದು ನಜರ್‌ಬಾದಿನವರು ಕೋರ್ಟಿಗೆ ಹೇಳುತ್ತಾರೆಂಬ ಭಯ ನಿಂಗಯ್ಯನವರಿಗೆ. ಅದೇ ಭಯ ತಿರುಗಿಸಿ ಕೆಂಚಮ್ಮನಿಗೆ. ಇಬ್ಬರೂ ಮಡಚುವ ಕುರ್ಚಿ ತಂದುಕೊಂಡು, ಬೀಗರಾದ್ದರಿಂದ ಒಬ್ಬರಿಗೊಬ್ಬರು ಎಲೆ ಅಡಿಕೆ ಕೊಟ್ಟುಕೊಂಡು, ಮಾತು ಬಿಟ್ಟು ಕೂತಿರುತ್ತಿದ್ದರು.

ಹೋದ ಗುರುವಾರ ಕರೆಂಟು ಹೋಯಿತು.

ರೈಲು ನಿಧಾನವಾಗಿ, ಸರಿಯಾಗಿ ನಿಂಗಯ್ಯನವರ ಮಹಡಿಯ ಮೇಲೆ ನಿಂತಿತು. ರಿಜಿಸ್ಟ್ರಾರ್ ಕಚೇರಿಯಿಂದ ಓಡಿಬಂದರು, ಒಂದು ಕಾಲಿನಲ್ಲಿ ಮಾತ್ರ ಚಪ್ಪಲಿ. ವಿದ್ಯುತ್ ಕಚೇರಿಗೆ ಫೋನು ಮಾಡಿ, “ರೈಲು ನಿಂತ್ಬಿಟ್ಟಿದೆ ಕಣ್ರೀ, ಬೇಗ ಬಿಡಿ!” ಎಂದರು. ಅದಕ್ಕೆ ರೈಲ್ವೆಯವರನ್ನು ಕೇಳಿ ಎಂದು ಆ ಕಡೆಯವರು ಫೋನಿಟ್ಟರು. ಕೆಂಚಮ್ಮ ಚಾಮುಂಡಿಗೆ ಹರಕೆ ಹೊತ್ತರು. ರೈಲು ಬೇಡವೇ ಬೇಡವೆಂದು ಗಂಟಲು ಹರಿದುಕೊಂಡಿದ್ದ ನಿಂಗಯ್ಯನವರು ಕಿಟಕಿಯ ಸರಳು ಹಿಡಿದು, “ಹೊರಡವ್ವಾ, ನಮ್ಮವ್ವ ಅಲ್ವಾ, ಒಂಚೂರು ಹೊರಡು,” ಎಂದು ಅಂಗಲಾಚುತ್ತಿದ್ದರು.

ಕರೆಂಟು ಬಂತು. ಎಂಜಿನ್ನು ಒಮ್ಮೆ ನಡುಗಿ, ಮುಂದೆ ಹೊರಟಿತು. ಎರಡೂ ಬಣಗಳು ಒಟ್ಟಿಗೆ ಚಪ್ಪಾಳೆ ತಟ್ಟಿದವು. ನಿಂಗಯ್ಯ ರಿಜಿಸ್ಟ್ರಾರರನ್ನು ತಬ್ಬಿಕೊಂಡರು. ರಿಜಿಸ್ಟ್ರಾರ್ ಕಣ್ಣೀರು ಒರೆಸಿಕೊಂಡು, ವಿಜಯ್‌ಕುಮಾರರ ಕೈ ಹಿಡಿದು, “ಏನೇ ಆಗ್ಲಿ, ನಾನಿರೋವರೆಗೂ ಇದನ್ನ ಯಾರೂ ಖಾಲಿ ಮಾಡ್ಸೋಕೆ ಬಿಡಲ್ಲ,” ಎಂದು ಎಲ್ಲರೆದುರು ಮಾತು ಕೊಟ್ಟರು.

ವಿಜಯ್‌ಕುಮಾರ್‌ಗೆ ಕಿವಿಯನ್ನೇ ನಂಬಲಾಗಲಿಲ್ಲ. ಕಿಟಕಿಯ ಗಾಜಿಗೆ ಮೂಗು ತಾಗಿಸಿ ನಿಂತಿದ್ದವರು ಹಾಗೇ ತಿರುಗಿದರು.

“ಹಾಗಾದ್ರೆ ರೂಮು ನಮ್ಗೇ ಉಳೀತಾ ಸಾರ್?”

“ನಿಮ್ದೇ ಕಣ್ರೀ, ಇನ್ನು ಯಾವ ಅನುಮಾನಾನೂ ಇಲ್ಲ,” ಎಂದರು ರಿಜಿಸ್ಟ್ರಾರ್. “ಒಳಗೆ ಮಾತ್ರ ಕಾಲಿಡ್ಬೇಡಿ.”